ಇಂಟರ್ವಲ್ ಹರಟೆ: ಗೌಡರ ಕೋವಿಗೆ ವಾರಸುದಾರರು ಯಾರು?

ಸಿನಿಮಾದ ಕೋವಿಗಳನ್ನು ನೋಡಿ ನೋಡಿ ಕಣ್ಣು ಕೆಡಿಸಿಕೊಂಡವನು ನಾನು. ಪರದೆಯ ಮೇಲೆ ಯಾವ ಕೋವಿಯಾದರೂ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಪಳಪಳ! ತೋಟಾ ಮುಗಿಯುವುದೂ ಇಲ್ಲ, ಹೀರೋಗೆ ಭುಜ ನೋಯುವುದೂ ಇಲ್ಲ.

ಮೊನ್ನೆ ವಿಜಯನಗರದಲ್ಲಿ ಪಕ್ಕದ ಮನೆ ಗೌಡರು ಬೀರು ತೆಗೆದು ನಿಜವಾದದ್ದನ್ನು ತೋರಿಸಿದರು. ಮೂಡಿಗೆರೆ ಕಡೆಯಿಂದ ಬಂದ ಜೋಡಿ ನಳಿಗೆಯ ಹಳೇ ಶಿಕಾರಿ ಕೋವಿ. ನಳಿಗೆಯ ಕಪ್ಪು ಬಣ್ಣ ಕೈ ತಾಗಿದ ಕಡೆಯೆಲ್ಲಾ ಮಾಸಿ ಬೆಳ್ಳಗಾಗಿದೆ. ಹಿಡಿಯಲ್ಲಿ ಕೊರೆದಿದ್ದ ಗೀರುಗಳು ಸವೆದು ನುಣ್ಣಗಾಗಿವೆ. ಕೆನ್ನೆ ಒರಗುವ ಕಡೆ ಮರ ಎಣ್ಣೆ ಕುಡಿದು ಮಿರಮಿರ ಅನ್ನುತ್ತೆ.

"ಇಲ್ಲಿ ನಮ್ಮಜ್ಜನ ಕೆನ್ನೆ, ಆಮೇಲೆ ಅಪ್ಪಂದು, ಆಮೇಲೆ ನಂದು" ಅಂದರು ಗೌಡರು. ಯಾವ ಆರ್ಟ್ ಡೈರೆಕ್ಟರ್ ಬಣ್ಣ ಬಳಿದರೂ ಬರುವ ಸವಕಲಲ್ಲ ಸ್ವಾಮೀ ಅದು!

"ಕಡೇ ಈಡು ಯಾವಾಗ ಹೊಡೆದಿರಿ?"

"ಕಾನೂನು ಬರೋಕೆ ಮುಂಚೆ, ಒಂದು ಕಾಡುಹಂದಿಗೆ. ಆಮೇಲೆ ಬರೀ ಎಣ್ಣೆ ಒರೆಸೋದೇ."

ಆ ಕಾನೂನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಮರುವರ್ಷವೇ, 1973ರಲ್ಲಿ, ಎಂ.ಪಿ. ಶಂಕರ್ ನಿರ್ಮಾಣದ 'ಗಂಧದ ಗುಡಿ' ಬಂತು. ಅರಣ್ಯಾಧಿಕಾರಿಯಾಗಿ ಅಣ್ಣಾವ್ರು ನಿಂತ ಮೇಲೆ ಕಾಡಿನಲ್ಲಿ ಕದ್ದು ಕೋವಿ ಹಿಡಿದವನು ಖಳನಾಯಕನಾದ. ನರಭಕ್ಷಕ ಹುಲಿಗಳ ಕಥೆ ಬರೆದ ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ 1974ರಲ್ಲಿ ತೀರಿಕೊಂಡರು. ತೇಜಸ್ವಿ ಕನ್ನಡಕ್ಕೆ ತಂದ ಆ ಕಥೆಗಳನ್ನು ಈಗಲೂ ಓದುತ್ತೇವೆ. ಕೋವಿ ಹೆಗಲಿಗೇರಿಸಿ ಕಾಡಿಗೆ ಹೋಗಬೇಕು ಅನ್ನಿಸೋದಿಲ್ಲ. ಒಳ್ಳೆಯದೇ ಆಯ್ತು.

ಬೇಟೆ ಹೋಯಿತು, ಕೋವಿಯ ಮೋಹ ಹೋಗಲಿಲ್ಲ. ಕೊಡಗಿನಲ್ಲಿ ಪ್ರತಿ ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಅಲ್ಲಿ ಅದೂ ಮನೆಮಂದಿಯಲ್ಲೊಂದು.

ಗೌಡರ ಚಿಂತೆಯೂ ಅದೇ. ಲೈಸೆನ್ಸುದಾರರಿಗೆ 70 ತುಂಬಿದರೆ, ಇಲ್ಲವೇ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು ಅನ್ನುತ್ತೆ 2016ರ ಆಯುಧ ನಿಯಮ. ಗೌಡರಿಗೆ ಎರಡೂ ಆಗಿದೆ. ದೊಡ್ಡ ಮಗ ಅಮೆರಿಕಾದಿಂದ "ಬೇಡಪ್ಪ" ಅಂದ. ಚಿಕ್ಕವನು "ತಲೆನೋವು, ಪೊಲೀಸ್ ಸ್ಟೇಷನ್‌ಗೆ ಕೊಟ್ಟುಬಿಡಿ" ಅಂದ. ಗೌಡರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಕ್ಲೈಮ್ಯಾಕ್ಸ್ ಕೇಳಿ. ಬಸವೇಶ್ವರನಗರದಲ್ಲಿರೋ ಮಗಳು, ಸ್ಕೂಲ್ ಟೀಚರು, ಭಾನುವಾರ ಬಂದಳು. ವಿಷಯ ಗೊತ್ತಾಗಿ, "ನನ್ನನ್ನ ಯಾಕೆ ಕೇಳಲಿಲ್ಲ ಅಪ್ಪಾ? ಚಿಕ್ಕೋಳಿದ್ದಾಗ ಎಣ್ಣೆ ಬಟ್ಟೆ ಹಿಡ್ಕೊಂಡು ನಿಮ್ಮ ಪಕ್ಕ ಕೂತಿರ್ತಿದ್ದೋಳು ನಾನೇ ಅಲ್ವಾ?" ಅಂದಳು.

ಗೌಡರು ಮಾತಾಡಲಿಲ್ಲ. ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ಒರೆಸಿಕೊಂಡರು.

ಅರ್ಜಿ ಹೋಗಿದೆ. ಕೊಡೋದು ಬಿಡೋದು ಅಧಿಕಾರಿಗಳಿಗೆ ಬಿಟ್ಟದ್ದು. ಮಂಜೂರಾದರೆ ಕೋವಿಯ ಜೊತೆ ಆ ಎಣ್ಣೆ ಬಟ್ಟೆಯೂ ಬಸವೇಶ್ವರನಗರಕ್ಕೆ ಹೋಗುತ್ತೆ. ಆಗ ಗೌಡರ ಜೊತೆ ನಾನೂ ಬಸ್ ಹತ್ತಿ ನೋಡಿಕೊಂಡು ಬರ್ತೀನಿ. ಏನಂತೀರಿ?