‘ಸೈಕೋ’ ಎಂಬ ಪದದ ದುರುಪಯೋಗ

ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದ ಪದವಿ ಪಡೆದು, ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಬ್ಯಾಂಕೊಂದರಲ್ಲಿ ಸಾಲದ ಕಡತಗಳನ್ನು ಪರಿಶೀಲಿಸುತ್ತಿರುವವನು. ಸ್ಮರಣ ಸಂಚಿಕೆಯ ಆರೋಗ್ಯ ಪುಟಗಳಲ್ಲಿ ಡಾಕ್ಟರುಗಳ ನಡುವೆ ನಾನೂ ಲೇಖನಿ ಹಿಡಿದಿರುವುದಕ್ಕೆ ಕಾರಣ, ಕಳೆದ ವರ್ಷ ನಾನೇ ಹಾಕಿದ ಒಂದು ಸಹಿ.

ನಮ್ಮ ವಸತಿ ಸಂಕೀರ್ಣದಲ್ಲಿ ಬಾಡಿಗೆಗಿರುವ ಕುಟುಂಬವೊಂದರ ಮಗನು ಸ್ಕಿಜೋಫ್ರೀನಿಯಾ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಸಂಜೆ ತಾಯಿಯೊಡನೆ ತರಕಾರಿ ತರಲು ಹೋಗುತ್ತಾನೆ. ಯಾರ ತಂಟೆಗೂ ಹೋದವನಲ್ಲ. ಎಲ್ಲಿಯೋ ನಡೆದ ಕೊಲೆಯ ಸುದ್ದಿಗೆ ‘ಸೈಕೋ ಹಂತಕ’ ಎಂಬ ತಲೆಬರಹ ಬಂದ ವಾರದಲ್ಲಿಯೇ, ಆ ಕುಟುಂಬವನ್ನು ತೆರವುಗೊಳಿಸಬೇಕೆಂಬ ಅರ್ಜಿಯೊಂದು ಮನೆಯಿಂದ ಮನೆಗೆ ಬಂದಿತು. ಓದಿಯೂ ಓದದವನಂತೆ ಸಹಿ ಹಾಕಿದೆ. ಬ್ಯಾಂಕಿನಲ್ಲಿ ಹಾಗೆ ಸಹಿ ಹಾಕಿದ್ದರೆ ನನ್ನ ಮೇಲೆ ವಿಚಾರಣೆ ನಡೆಯುತ್ತಿತ್ತು.

ಆ ಬಳಿಕ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ. ಸೈಕೋಸಿಸ್ ಬೇರೆ, ಸೈಕೋಪತಿ ಬೇರೆ. ಮೊದಲನೆಯದರಲ್ಲಿ ವಾಸ್ತವದ ಅರಿವೇ ತಪ್ಪುತ್ತದೆ. ಇಲ್ಲದ ಧ್ವನಿಗಳು ಕೇಳಿಸುತ್ತವೆ, ಇಲ್ಲದ ಶತ್ರುಗಳು ಬೆನ್ನಟ್ಟುತ್ತಾರೆ. ಸ್ಕಿಜೋಫ್ರೀನಿಯಾ ಈ ವರ್ಗಕ್ಕೆ ಸೇರಿದ್ದು. ಔಷಧಿಗಳಿಂದ ಬಹುಮಂದಿಯಲ್ಲಿ ಹತೋಟಿಗೆ ಬರುತ್ತದೆ. ಎರಡನೆಯದರಲ್ಲಿ ಬುದ್ಧಿ ನಿಚ್ಚಳವಾಗಿಯೇ ಇರುತ್ತದೆ. ಕೊರತೆಯಿರುವುದು ಅನುಕಂಪದಲ್ಲಿ, ಪಶ್ಚಾತ್ತಾಪದಲ್ಲಿ. ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಇಂಥವರನ್ನು ಕುರಿತು ಬರೆದ ಗ್ರಂಥಕ್ಕೆ ‘ಸ್ವಸ್ಥತೆಯ ಮುಖವಾಡ’ ಎಂಬರ್ಥದ ಹೆಸರಿಟ್ಟರು. ಅದರಲ್ಲಿ ವ್ಯಾಪಾರಿಯೂ ಇದ್ದಾನೆ, ವೈದ್ಯನೂ ಇದ್ದಾನೆ.

ಕೆನಡಾದ ರಾಬರ್ಟ್ ಹೇರ್ ಎಂಬ ಮನಃಶಾಸ್ತ್ರಜ್ಞರು 1960ರ ದಶಕದಲ್ಲಿ ಕೈದಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಅಂಕಿಗಳು ಒಂದೊಂದಾಗಿ ಕಾಣಿಸುತ್ತವೆ. 8 ಬಂದಾಗ ವಿದ್ಯುತ್ತಿನ ಪೆಟ್ಟು ಬೀಳುವುದೆಂದು ಮೊದಲೇ ತಿಳಿಸಿರುತ್ತಾರೆ. 8 ಸಮೀಪಿಸಿದಂತೆ ಸಾಮಾನ್ಯರ ಅಂಗೈ ಬೆವರುತ್ತದೆ. ಸೈಕೋಪತಿಯುಳ್ಳವರಲ್ಲಿ ಆ ಬೆವರು ತೀರ ಕಡಿಮೆಯಾಗಿತ್ತು. ಬರಲಿರುವ ಶಿಕ್ಷೆಯ ನೆನಪು ಮೈಯನ್ನು ನಡುಗಿಸದವನಿಗೆ ಅಪರಾಧದ ದಾರಿಯಲ್ಲಿ ತಡೆಯೇನು ಉಳಿಯಿತು? ಹೇರ್ ಅವರ ಅಂದಾಜಿನಂತೆ ಜನಸಾಮಾನ್ಯರಲ್ಲಿ ಇಂಥವರು ನೂರಕ್ಕೆ 1ರಷ್ಟು. ಉತ್ತರ ಅಮೆರಿಕದ ಸೆರೆಮನೆಗಳಲ್ಲಿ 15ರಿಂದ 25ರಷ್ಟು. ಅಂದರೆ ಅಪರಾಧಿಗಳಲ್ಲಿ ಹೆಚ್ಚಿನವರು ಸೈಕೋಪಾತರಲ್ಲ. ಸೈಕೋಪಾತರೆಲ್ಲ ಸೆರೆಮನೆಯಲ್ಲಿಯೂ ಇಲ್ಲ.

1991ರಲ್ಲಿ ಹೇರ್ ಪ್ರಕಟಿಸಿದ ಪರಿಷ್ಕೃತ ಪಟ್ಟಿಯಲ್ಲಿ 20 ಲಕ್ಷಣಗಳಿವೆ. ಒಟ್ಟು ಅಂಕ 40. 30ನ್ನು ಮುಟ್ಟಿದರೆ ಸೈಕೋಪತಿಯೆಂದು ಪರಿಗಣನೆ. ನನಗೆ ಮೆಚ್ಚುಗೆಯಾದುದು ಅಂಕಗಳಲ್ಲ. ಸಂದರ್ಶನದ ಮಾತೊಂದನ್ನೇ ನಂಬಬಾರದು, ಹಳೆಯ ದಾಖಲೆಗಳೊಡನೆ ತಾಳೆ ನೋಡಲೇಬೇಕು ಎಂಬ ನಿಯಮ. ನನ್ನ ಶಾಖೆಯಲ್ಲಿ ಒಬ್ಬ ಸಾಲಗಾರನಿದ್ದನು. ಬಂದಾಗಲೆಲ್ಲ ಊರಿನ ಮಾತು, ಕೈಯಲ್ಲಿ ದೇವರ ಪ್ರಸಾದ. ಸುಳ್ಳು ದಾಸ್ತಾನು ಪಟ್ಟಿಗಳು ಬಯಲಾದ ದಿನವೂ ಮುಗುಳ್ನಗುತ್ತಲೇ ನನ್ನ ಮಗಳ ಪರೀಕ್ಷೆಯ ಬಗೆಗೆ ವಿಚಾರಿಸಿದನು. ಅವನು ಯಾವ ಪಂಗಡದವನೆಂದು ಹೇಳಲು ನನಗೆ ಅರ್ಹತೆಯಿಲ್ಲ; ಅವನ ವಿರುದ್ಧ ಅರ್ಜಿಯೊಂದಕ್ಕೂ ಯಾರೂ ಸಹಿ ಹಾಕಲಿಲ್ಲವೆಂದು ಮಾತ್ರ ಬಲ್ಲೆ.

1968ರಲ್ಲಿ ಇದೇ ನಗರದ ಉಪನಗರಗಳಲ್ಲಿ ರಾತ್ರಿ ಮಲಗಿದ್ದ ಬಡವರನ್ನು ಕೊಂದ ರಾಮನ್ ರಾಘವನ ಹೆಸರನ್ನು ಹಿರಿಯರು ಮರೆತಿರಲಾರರು. ಅವನು ತೀವ್ರ ಭ್ರಮೆಗಳುಳ್ಳ ಸ್ಕಿಜೋಫ್ರೀನಿಯಾ ರೋಗಿಯೆಂದು ವೈದ್ಯರ ಮಂಡಲಿ ವರದಿ ಮಾಡಿತು; ಮರಣದಂಡನೆ ಜೀವಾವಧಿ ಶಿಕ್ಷೆಯಾಯಿತು. ದಕ್ಷಿಣ ಕನ್ನಡದ ಮೋಹನ ಕುಮಾರನ ಪ್ರಕರಣವನ್ನು ಇದರ ಪಕ್ಕದಲ್ಲಿಡಿ. ಉಪಾಧ್ಯಾಯನಾಗಿದ್ದ ಅವನು ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಪರವೂರಿಗೆ ಕರೆದೊಯ್ದು, ಸಯನೈಡನ್ನು ಗರ್ಭನಿರೋಧಕ ಮಾತ್ರೆಯೆಂದು ನುಂಗಿಸಿ, ಒಡವೆಗಳೊಡನೆ ಮರಳುತ್ತಿದ್ದನು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ಅವನನ್ನು ದೋಷಿಯೆಂದು ಸಾರಿತು. ಅವನಿಗೆ ಯಾವ ಹೆಸರು ಸಲ್ಲುವುದೆಂಬುದು ತಜ್ಞರ ಕೆಲಸ. ಅಷ್ಟೊಂದು ಲೆಕ್ಕಾಚಾರ ಭ್ರಮೆಯ ಕೆಲಸವಂತೂ ಅಲ್ಲ. ಪತ್ರಿಕೆಯ ತಲೆಬರಹಕ್ಕೆ ಮಾತ್ರ ಇಬ್ಬರೂ ‘ಸೈಕೋ’ಗಳೇ!

ಕಾನೂನು ಈ ಭೇದವನ್ನು ಬಲ್ಲದು. ತಾನು ಮಾಡುತ್ತಿರುವುದೇನೆಂದು, ಅದು ತಪ್ಪೆಂದು ತಿಳಿಯಲಾರದ ಚಿತ್ತವಿಕಲನಿಗೆ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿ ವಿನಾಯಿತಿಯಿದೆ. ತಿಳಿದೂ ಮಾಡಿದವನಿಗೆ ಇಲ್ಲ. ರಾಮನ್ ರಾಘವನಂಥವರು ವಿರಳ. ಮನೋರೋಗಿಗಳಲ್ಲಿ ಬಹುತೇಕರು ಯಾರಿಗೂ ಹಾನಿ ಮಾಡುವವರಲ್ಲ, ತಾವೇ ಪರರ ಹಿಂಸೆಗೆ ತುತ್ತಾಗುವವರು. ‘ಸೈಕೋ’ ಎಂಬ ಎರಡಕ್ಷರದ ಪದವನ್ನು ನಮ್ಮ ಪತ್ರಿಕೆಗಳು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆ ತಾಯಿ ಈಗ ಮಗನನ್ನು ಲಿಫ್ಟಿನಲ್ಲಿ ಕರೆತರುವುದಿಲ್ಲ. ನಾಲ್ಕು ಅಂತಸ್ತುಗಳನ್ನೂ ಮೆಟ್ಟಿಲಲ್ಲಿಯೇ ಏರುತ್ತಾರೆ. ನನ್ನ ಸಹಿಯನ್ನು ಹಿಂತೆಗೆದುಕೊಂಡಿರುವುದಾಗಿ ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಉಳಿದ ಹದಿನೇಳು ಸಹಿಗಳು ಹಾಗೆಯೇ ಇವೆ. ಸಭೆ ಬರುವ ತಿಂಗಳಿದೆ.