ಗೀಚಬಾರದು ಎನ್ನುವವರಿಗೆ

ಹುಲಿಕುಂಟೆಯ ನೆಂಟರ ಮನೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಹಾಳೆಯ ತುಂಬ ಕಪ್ಪು ಸುತ್ತುಗಳು. ಕಾಗದ ಹರಿಯುವಷ್ಟು ಒತ್ತಿ ತಿರುವಿದ್ದಳು. ಕೆಳಗೆ ಕೆಂಪು ಶಾಯಿಯಲ್ಲಿ ಷರಾ: 'ಗೀಚಬಾರದು'.

"ಇದೇನು ಬೇಟಿ?"

"ತಮಟೆ, ಮಾಮು."

ಬಾಬಯ್ಯನ ಹಬ್ಬದಲ್ಲಿ ಕೇಳಿದ್ದಂತೆ. ಅವಳು ಬರೆದದ್ದು ವಾದ್ಯವನ್ನಲ್ಲ, ಸದ್ದನ್ನು. ಅಪ್ಪ ನಾಚಿಕೊಂಡ. ವ್ಯಾನಿನ ಬಾಡಿಗೆ, ಕಾನ್ವೆಂಟಿನ ಫೀಜು ಎಲ್ಲ ಕಟ್ಟುವುದು ಇದಕ್ಕೇ ಏನು ಎಂಬ ಸಂಕಟ ಅವನದು.

ನನ್ನ ಸಿಟ್ಟು ಆ ಷರಾದ ಮೇಲೆ. ಸೇಬಿನ ಗೆರೆಯೊಳಗೆ ಕೆಂಪು ತುಂಬಬೇಕು, ಗೆರೆ ದಾಟಿದರೆ ಸ್ಟಾರ್ ಇಲ್ಲ! ಆ ವಯಸ್ಸಿನ ಮಗುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರಾ ಗಟ್ಟಿಯಾಗಿರುವುದಿಲ್ಲ. ಅಂಥ ಕೈಯಿಂದ ಪುಟಗಟ್ಟಲೆ ಅಕ್ಷರ ಬರೆಸುತ್ತೇವೆ. ಗೀಚುವುದೇ ಆ ಕೈಗೆ ಮೊದಲ ಸಾಧನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ 3ರಿಂದ 8 ವರ್ಷದವರೆಗಿನ ಕಲಿಕೆ ಆಟದ ಮೂಲಕ ಆಗಬೇಕೆನ್ನುತ್ತದೆ. ನೀತಿ ದೆಹಲಿಯಲ್ಲಿದೆ, ಷರಾ ನೋಟ್‌ಬುಕ್ಕಿನಲ್ಲಿದೆ.

ಇನ್ನು ನಮ್ಮವರ ವಿಷಯ. ಚಿತ್ರವೆಂದರೆ ಮುಖ ಸಿಂಡರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಜೀವಿಗಳ ರೂಪ ಬರೆಯಬಾರದು ಎನ್ನುತ್ತಾರೆ, ಸರಿ. ಹಾಗಾದರೆ ರೂಪವೇ ಇಲ್ಲದ ಈ ಸುತ್ತುಗಳ ಮೇಲೆ ಏನು ತಕರಾರು? ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲನ್ನೇ ಅಕ್ಷರದ ಜಾಲರಿ ಮಾಡಿದ್ದಾರಲ್ಲ, ಅದು ಏನು? ಖುಷ್‌ನವೀಸರು ಅಲಿಫ್‌ನ ಉದ್ದ ಅಳೆಯುವುದು ನುಖ್ತಾ ಎಣಿಸಿ. ಮದರಸಾದಲ್ಲಿ ಕೂತ ಮಗುವಿಗೆ ಮೊದಲು ಗೊತ್ತಾಗುವುದೂ ಅದೇ: 'ಬೇ'ಗೆ ಕೆಳಗೊಂದು ಚುಕ್ಕೆ, 'ತೇ'ಗೆ ಮೇಲೆ ಎರಡು. ಮಂಡ್ಲಾ ಕಡೆಯ ಹಳ್ಳಿಶಾಲೆಯಲ್ಲಿ ಚಂಚಲ ಹುಡುಗನೊಬ್ಬನಿಗೆ ಮೇಷ್ಟರು ಗೋಡೆಯ ಮೇಲೊಂದು ಚುಕ್ಕೆ ಇಟ್ಟು, ಇದನ್ನೇ ನೋಡು ಎಂದರಂತೆ. ಆ ಹುಡುಗ ಎಸ್.ಎಚ್. ರಝಾ (1922-2016). ಮುಂದೆ ಆ ಬಿಂದುವನ್ನೇ ಮತ್ತೆ ಮತ್ತೆ ಬರೆದರು. ಆ ಮೇಷ್ಟರು 'ಗೀಚಬಾರದು' ಎಂದು ಷರಾ ಬರೆದಿದ್ದರೆ?

ಸಂಗೀತದ ವಿಷಯದಲ್ಲಂತೂ ನಮ್ಮ ಮನೆಗಳಲ್ಲಿ ಬಾಗಿಲು ಮುಚ್ಚುವ ಸದ್ದೇ ಜೋರು. ಆಲಿಮರಲ್ಲಿ ಭಿನ್ನಮತವಿದೆ, ಒಪ್ಪುತ್ತೇನೆ. ಆದರೆ ಇಮಾಮ್ ಗಝಾಲಿಯವರು 'ಇಹ್ಯಾ'ದಲ್ಲಿ ಸಮಾ ಕುರಿತು ಬರೆಯುವಾಗ ತೊಟ್ಟಿಲ ಕೂಸಿನ ಉದಾಹರಣೆಯನ್ನೇ ಕೊಡುತ್ತಾರೆ: ಇಂಪಾದ ದನಿಗೆ ಅಳು ನಿಲ್ಲುತ್ತದೆ. ಇಬ್ರಾಹಿಂ ಆದಿಲ್‌ಶಾಹಿ ದಖನಿಯಲ್ಲಿ 'ಕಿತಾಬ್-ಎ-ನೌರಸ್' ಬರೆದದ್ದು, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟದ್ದು ನಮ್ಮ ಮಕ್ಕಳಿಗೆ ಯಾರು ಹೇಳುತ್ತಾರೆ? ಅವನ ಕಾಲದ ಮೇಲೆ ಈ ಸಿರಾ ಸೀಮೆಯೂ ಅದೇ ಬಿಜಾಪುರದ ಕೈಕೆಳಗಿತ್ತು. ಅಷ್ಟು ದೂರ ಏಕೆ, ಈ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕತೆಗೆ ಉದ್ದನೆಯ ಬಿದಿರ ಗಣೆ ಊದುವವರಿದ್ದಾರೆ. ಅವರನ್ನು ಒಂದು ದಿನ ಅಂಗನವಾಡಿಗೆ ಕರೆದು ಕೂರಿಸಲು ಯಾವ ಅನುದಾನವೂ ಬೇಡ. ಮಕ್ಕಳಿಗೆ ಇದ್ದಿಲು, ಕೆಮ್ಮಣ್ಣು, ಒಂದು ಗೋಡೆ ಬಿಟ್ಟುಕೊಟ್ಟರೆ ಸಾಕು. ಆದ ಮೇಲೆ 'ಇದೇನು?' ಎಂದು ಪೊಲೀಸರ ಹಾಗೆ ವಿಚಾರಿಸದಿದ್ದರೆ ಇನ್ನೂ ಒಳ್ಳೆಯದು. ನಾನೂ ವಿಚಾರಿಸಿದವನೇ ಅನ್ನಿ.

ಹೊರಡುವಾಗ ಆ ಹಾಳೆಯನ್ನು ನನಗೆ ಕೊಡಿ ಎಂದು ಕೇಳಿದೆ. ಹುಡುಗಿ ಹರಿಯಲು ತಯಾರಾದಳು. ಅಪ್ಪ ತಡೆದ:

"ಬೇಡ ಭಾಯಿ, ಹಾಳೆ ಕಮ್ಮಿಯಾದರೆ ಸ್ಕೂಲಲ್ಲಿ ಕೇಳುತ್ತಾರೆ."