ಕೂಡುಮಲೆಯ ಪಾಠ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಮಹಾಗಣಪತಿಯ ಸನ್ನಿಧಿಯಲ್ಲಿ ಪೂಜೆ ಸಲ್ಲಿಸಿ ಚುನಾವಣೆಯ ಯಾತ್ರೆಗೆ ಹೊರಡುವುದು ನಮ್ಮ ರಾಜಕೀಯ ಪಕ್ಷಗಳಿಗೆ ವಾಡಿಕೆಯಾಗಿದೆ. 1999ರಲ್ಲಿ ಶ್ರೀ ಎಸ್. ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆಯೂ, 2022ರಲ್ಲಿ ಜಾತ್ಯತೀತ ಜನತಾದಳದ ಪಂಚರತ್ನ ಯಾತ್ರೆಯೂ, 2023ರಲ್ಲಿ ಕಾಂಗ್ರೆಸ್ಸಿನ ಪ್ರಜಾಧ್ವನಿ ಯಾತ್ರೆಯೂ ಇಲ್ಲಿ ಪೂಜೆ ಮುಗಿಸಿಯೇ ಹೊರಟವು. ವಿಘ್ನೇಶ್ವರನನ್ನು ಮೊದಲು ನೆನೆಯುವುದು ಶಿಷ್ಟಾಚಾರ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ಸ್ಥಳದ ಹೆಸರೇ ಹೇಳುವ ಪಾಠವೊಂದುಂಟು. ಅದರ ಮೊದಲ ಹೆಸರು ಕೂಡುಮಲೆ, ದೇವತೆಗಳು ಸಭೆಗೂಡಿದ ಬೆಟ್ಟ, ಎಂದು ಜನರ ಹೇಳಿಕೆ. ರಥಗಳು ಹೊರಟುಹೋದ ಮೇಲೆ ನಮ್ಮ ಊರುಗಳಲ್ಲಿ ಸಭೆಗೂಡುವವರು ಯಾರು?

ಪ್ರಜಾಪ್ರಭುತ್ವದ ತವರೆನಿಸಿದ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿಯೂ ಇಂಥ ಕೂಡುವ ಬೆಟ್ಟವೊಂದಿತ್ತು. ಅದರ ಹೆಸರು ಪ್ನಿಕ್ಸ್. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಪೌರರು ವರ್ಷಕ್ಕೆ ಸುಮಾರು 40 ಸಲ ಅಲ್ಲಿ ನೆರೆದು, ಯುದ್ಧ ಸಂಧಿಗಳನ್ನು ತಾವೇ ಕೈಯೆತ್ತಿ ನಿರ್ಣಯಿಸುತ್ತಿದ್ದರು. ಕೆಲವು ಗುರುತರ ವಿಷಯಗಳಿಗೆ 6,000 ಜನರ ಹಾಜರಿ ಅವಶ್ಯವಾಗಿತ್ತು. ಸಭೆಯ ಕಾರ್ಯಕಲಾಪವನ್ನು ಅಣಿಗೊಳಿಸುವ 500 ಮಂದಿಯ ಮಂಡಲಿಯನ್ನು ಚೀಟಿಯೆತ್ತುವಂಥ ಕ್ರಮದಿಂದ ಆರಿಸುತ್ತಿದ್ದರು; ಒಬ್ಬನು ಆಯುಷ್ಯದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅದರಲ್ಲಿರುವಂತಿರಲಿಲ್ಲ. ಬಡವನಿಗೆ ದಿನದ ಕೂಲಿ ತಪ್ಪಬಾರದೆಂದು, ಸಭೆಗೆ ಬಂದವರಿಗೆ ಭತ್ಯವನ್ನೂ ಗೊತ್ತುಮಾಡಿದರು.

ಹಾಗೆಂದು ಅಥೆನ್ಸನ್ನು ಕಣ್ಣುಮುಚ್ಚಿ ಹೊಗಳಲಾಗದು. ಸ್ತ್ರೀಯರಿಗೂ, ಗುಲಾಮರಿಗೂ, ಅಲ್ಲಿಯೇ ನೆಲಸಿದ ಪರದೇಶೀಯರಿಗೂ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. 1950ರ ನಮ್ಮ ಸಂವಿಧಾನವು ಇಂಥ ಗೋಡೆಗಳನ್ನು ಕೆಡವಿ, ವಯಸ್ಸಿಗೆ ಬಂದ ಸರ್ವರಿಗೂ ಮತವನ್ನು ಕೊಟ್ಟಿತು. ಗ್ರಾಮಸಭೆಯಲ್ಲಿ ಊರಿನ ಪ್ರತಿಯೊಬ್ಬ ಮತದಾರನೂ ಸದಸ್ಯನೇ. 1993ರ ಪಂಚಾಯತ್ ರಾಜ್ ಕಾಯಿದೆಯ ಮೇರೆಗೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರತಕ್ಕದ್ದು. ಸರ್ಕಾರದ ಯೋಜನೆಗಳ ಫಲಾನುಭವಿಗಳನ್ನು ಆರಿಸತಕ್ಕದ್ದು. ಹಕ್ಕಿನಲ್ಲಿ ನಾವು ಅಥೆನ್ಸಿಗಿಂತ ದೊಡ್ಡವರು.

ಹಾಜರಿಯಲ್ಲಿಯೋ? ಎಷ್ಟೋ ಕಡೆ ಗ್ರಾಮಸಭೆ ನಡೆಯುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಜಗುಲಿಯ ಮೇಲೆ ಕುಳಿತು ಪಂಚಾಯತಿಯನ್ನು ಹಳಿಯುವವರು ನೂರು. ಎದ್ದು ಹೋಗಿ ಲೆಕ್ಕ ಕೇಳುವವರು ಹತ್ತು. ಹಿಂದೆ ಇದೇ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು, ನಿಷೇಧವನ್ನು ಲಕ್ಷಿಸದೆ ಸಭೆ ಸೇರಿದ ನಿರಾಯುಧ ಜನರು ಗುಂಡಿಗೆ ಬಲಿಯಾದರು. ಅವರು ಪ್ರಾಣ ಕೊಟ್ಟು ಪಡೆದುದನ್ನು ನಾವು ಸೋಮಾರಿತನದಿಂದ ಕಳೆಯುವುದು ನ್ಯಾಯವೇ?

ಅಧಿಕಾರಿಗಳು ಸಭೆಯ ದಿನವನ್ನು ಮುಂಚಿತವಾಗಿ ತಮಟೆ ಹೊಡೆಸಿ ಸಾರಲಿ. ಕೂಲಿಯವರಿಗೂ ಹೆಂಗಸರಿಗೂ ಒದಗುವ ವೇಳೆಯನ್ನು ಗೊತ್ತುಮಾಡಲಿ. ಜಮಾಖರ್ಚನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಲಿ. ಹಳ್ಳಿಯಲ್ಲಿ ಮತವಿದ್ದು ಪೇಟೆಯಲ್ಲಿ ವಾಸವಾಗಿರುವ ವಿದ್ಯಾವಂತರು ಆ ಒಂದು ದಿನವಾದರೂ ಊರಿಗೆ ಹೋಗಲಿ. ಐದು ವರ್ಷಕ್ಕೊಮ್ಮೆ ಮತ ಹಾಕಿದವನು ಮತದಾರನೆನಿಸಿಕೊಂಡಾನು. ಸಭೆಯಲ್ಲಿ ಕುಳಿತು ಕೇಳಿದವನೇ ಪೌರನು. ದೇವತೆಗಳು ಕೂಡಿದರೆಂಬ ಬೆಟ್ಟದ ಸೀಮೆಯಲ್ಲಿ ಮನುಷ್ಯರು ಕೂಡಲಾರರೇ?